ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಮರುಜೋಡಣೆ: ಪುಣೆಯ ಹಳೆಯ ಪಿಕಪ್ ವಾಹನಗಳು

ಹತ್ತು ಹದಿನೈದು ವರ್ಷ ಹೇರು ಹೊತ್ತ ಪಿಕಪ್ ಅಥವಾ ಸಣ್ಣ ಲಾರಿಯ ಮುಂದಿನ ಚಕ್ರಗಳನ್ನು ಹಿಡಿದಿಡುವ, ತಿರುಗಿಸುವ ಮತ್ತು ರಸ್ತೆಯ ಏಟು ತಾಳುವ ಭಾಗಗಳನ್ನೆಲ್ಲ ಬಿಚ್ಚಿ, ಸವೆದದ್ದನ್ನು ಬದಲಿಸಿ, ಅಳತೆಗೆ ತಂದು ಮತ್ತೆ ಕೂಡಿಸುವ ಕೆಲಸಕ್ಕೆ ಈ ಹೆಸರು. ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ಆರ್ಮ್ ಬುಶ್, ಪಾಟಾ (ಪಟ್ಟಿ ಸ್ಪ್ರಿಂಗ್) ಅಥವಾ ಟಾರ್ಷನ್ ಬಾರ್, ಶಾಕ್ ಅಬ್ಸಾರ್ಬರ್, ವೀಲ್ ಬೇರಿಂಗ್, ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ಬಾಕ್ಸ್ ಇವೆಲ್ಲ ಇದರಲ್ಲಿ ಸೇರುತ್ತವೆ. ಎಂಜಿನ್ ಕೆಲಸಕ್ಕೆ ಸಿಗುವ ಗೌರವ ಇದಕ್ಕೆ ಸಿಗುವುದಿಲ್ಲ. ಎಂಜಿನ್ ಕೆಟ್ಟರೆ ಗಾಡಿ ನಿಂತುಬಿಡುತ್ತದೆ. ಮುಂಭಾಗ ಸವೆದರೆ ಗಾಡಿ ಓಡುತ್ತಲೇ ಇರುತ್ತದೆ, ಚಾಲಕ ಅದಕ್ಕೆ ಹೊಂದಿಕೊಂಡು ಹಿಡಿತ ಬದಲಿಸುತ್ತ ಹೋಗುತ್ತಾನೆ. ಘಾಟಿಯ ಇಳಿಜಾರಿನಲ್ಲಿ ಒಂದು ಬಾಲ್ ಜಾಯಿಂಟ್ ಕಳಚಿದಾಗಲೇ ಈ ಕೆಲಸದ ಬೆಲೆ ತಿಳಿಯುವುದು.

ಈ ಕೆಲಸದ ಮೂಲಸೂತ್ರವನ್ನು ಮೊದಲೇ ಹೇಳಬೇಕು. ಸ್ಟೀರಿಂಗ್ ಚಕ್ರದಿಂದ ಟೈರಿನವರೆಗೆ ಏಳೆಂಟು ಕೀಲುಗಳಿವೆ. ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣದಷ್ಟು ಸಡಿಲ, ಗ್ಯಾರೇಜಿನವರು ‘ಪ್ಲೇ’ ಎನ್ನುವುದು, ಹುಟ್ಟುತ್ತದೆ. ಒಂದೊಂದರದೂ ಅಲ್ಪವೇ ಆದರೂ ಎಲ್ಲ ಕೂಡಿ ಟೈರಿನ ಬಳಿ ದೊಡ್ಡದಾಗುತ್ತವೆ. ಕಿಂಗ್ ಪಿನ್ನಿನ ಎರಡು ಬುಶ್‌ಗಳ ನಡುವೆ 150 ಮಿ.ಮೀ. ಅಂತರವಿದೆ, ಟೈರಿನ ವ್ಯಾಸ 700 ಮಿ.ಮೀ. ಎಂದುಕೊಂಡರೆ, ಬುಶ್‌ನಲ್ಲಿ ಅರ್ಧ ಮಿ.ಮೀ. ಸವೆದದ್ದು ಟೈರಿನ ತಲೆಯಿಂದ ಬುಡಕ್ಕೆ ಎರಡು ಮಿ.ಮೀ.ಗೂ ಹೆಚ್ಚು ವಾಲಾಟವಾಗಿ ತೋರುತ್ತದೆ. ಟೋ-ಇನ್ (ಮುಂಚಕ್ರಗಳ ಮುಂಬದಿ ಹಿಂಬದಿಗಿಂತ ಹತ್ತಿರವಿರುವಷ್ಟು ಅಳತೆ) ಒಂದರಿಂದ ಮೂರು ಮಿ.ಮೀ. ಮಾತ್ರ ಇರುವ ಗಾಡಿಯಲ್ಲಿ ಇಷ್ಟು ಸಡಿಲವನ್ನು ಬಿಟ್ಟು ಮಾಡಿದ ಅಲೈನ್‌ಮೆಂಟ್ ಮೊದಲ ತಗ್ಗು ದಾಟುವಷ್ಟರಲ್ಲಿ ಕೆಟ್ಟಿರುತ್ತದೆ. ಆದ್ದರಿಂದ ಅಲೈನ್‌ಮೆಂಟ್ ಕಟ್ಟಕಡೆಯ ಕೆಲಸ. ಗಾಡಿ ಒಂದು ಕಡೆ ಎಳೆಯುತ್ತದೆ ಎಂದೊಡನೆ ಅಲೈನ್‌ಮೆಂಟ್ ಅಂಗಡಿಗೆ ಓಡುವುದು ದುಡ್ಡನ್ನೂ ಟೈರನ್ನೂ ಕಳೆದುಕೊಳ್ಳುವ ದಾರಿ.

ಪುಣೆಯ ಹಿನ್ನೆಲೆ

ದೇಶದಲ್ಲಿ ಇಂಥ ವಾಹನವೂ ಅದರ ಬಿಡಿಭಾಗವೂ ಅದರ ಪರೀಕ್ಷೆಯೂ ಅದರ ದುರಸ್ತಿಯೂ ಒಂದೇ ಊರಿನ ಸುತ್ತ ಬೆಳೆದ ಕಡೆಗಳು ಕೆಲವೇ. ಪುಣೆ ಅವುಗಳಲ್ಲಿ ಮುಖ್ಯವಾದದ್ದು. ಜಮ್‌ಶೇಡ್‌ಪುರದಲ್ಲಿ 1945ರಲ್ಲಿ ಹುಟ್ಟಿದ ಟೆಲ್ಕೊ, ಅಂದರೆ ಇಂದಿನ ಟಾಟಾ ಮೋಟರ್ಸ್, ಸುಮಂತ ಮೂಳಗಾಂವಕರರ ನೇತೃತ್ವದಲ್ಲಿ 1960ರ ದಶಕದಲ್ಲಿ ಪಿಂಪ್ರಿ-ಚಿಂಚವಡಕ್ಕೆ ಬಂತು. ಮೊದಲು ಬಂದದ್ದು ಅಚ್ಚು, ಉಪಕರಣ ತಯಾರಿಸುವ ವಿಭಾಗ. ಇಲ್ಲಿಂದ ಮೊದಲ ವಾಣಿಜ್ಯ ವಾಹನ ಹೊರಬಿದ್ದದ್ದು 1977ರಲ್ಲಿ. 1986ರಲ್ಲಿ ಟಾಟಾ 407 ಬಂತು. ಜಪಾನಿ ಸಹಯೋಗದ ಹಗುರ ಲಾರಿಗಳು ಮಾರುಕಟ್ಟೆಗೆ ನುಗ್ಗಿದ್ದ ಆ ಕಾಲದಲ್ಲಿ ಸ್ವದೇಶಿ ವಿನ್ಯಾಸದ ಈ ಗಾಡಿ ಗಟ್ಟಿಯಾಗಿ ನಿಂತಿತು. ದಶಕದ ಕೊನೆಯಲ್ಲಿ ಟಾಟಾಮೊಬೈಲ್ 206 ಪಿಕಪ್ ಬಂತು, ಅದರ ಸಂತತಿ 207. ಅದೇ ತಳಹದಿಯ ಮೇಲೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್, 1994ರಲ್ಲಿ ಸುಮೋ ಮೂಡಿದವು. ಸುಮೋ ಎಂಬ ಹೆಸರು ಮೂಳಗಾಂವಕರರ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಇವೆಲ್ಲ ಒಂದೇ ಬೇರಿನವಾದ್ದರಿಂದ ಹಳೆಯ ಪಿಕಪ್ಪಿಗೆ ಇಂದಿಗೂ ಮುಂಭಾಗದ ಸಾಮಾನು ಹುಡುಕುವುದು ಅಷ್ಟೇನೂ ಕಷ್ಟವಾಗಿಲ್ಲ. ಹಾಗೆಂದು ಒಂದರದು ಇನ್ನೊಂದಕ್ಕೆ ಕೂತೇ ಕೂರುತ್ತದೆ ಎಂದು ನಂಬಬಾರದು. ಪಾರ್ಟ್ ನಂಬರ್ ಹೊಂದಿಸಿಯೇ ಕೊಳ್ಳಬೇಕು.

ಆಕುರ್ಡಿಯಲ್ಲಿ ಫಿರೋದಿಯಾ ಮನೆತನದ ಬಜಾಜ್ ಟೆಂಪೋ ಇತ್ತು. 1958ರಲ್ಲಿ ಸ್ಥಾಪನೆಯಾಗಿ 2005ರಲ್ಲಿ ಫೋರ್ಸ್ ಮೋಟರ್ಸ್ ಆದ ಈ ಕಂಪನಿಯ ಮೆಟಡೋರ್ ಕರ್ನಾಟಕದ ಸಣ್ಣ ಊರುಗಳಲ್ಲಿ ಎಷ್ಟು ಬಳಕೆಯಾಯಿತೆಂದರೆ, ಬಹುಕಾಲ ಎಲ್ಲ ಸಣ್ಣ ಸರಕು ಗಾಡಿಗಳಿಗೂ ಜನ ಅದೇ ಹೆಸರು ಹೇಳುತ್ತಿದ್ದರು. ಮುಂಢವಾದಲ್ಲಿ 1961ರಲ್ಲಿ ಆರಂಭವಾದ ಭಾರತ್ ಫೋರ್ಜ್ ಲಾರಿಗಳ ಮುಂದಿನ ಆಕ್ಸಲ್ ಬೀಮ್, ಸ್ಟೀರಿಂಗ್ ನಕಲ್, ಕ್ರ್ಯಾಂಕ್‌ಶಾಫ್ಟ್‌ಗಳನ್ನು ಕಾಯಿಸಿ ಬಡಿದು ರೂಪಿಸುತ್ತದೆ. ಶಿರೂರು ತಾಲ್ಲೂಕಿನ ವಢೂ ಬುದ್ರುಕ್‌ನಲ್ಲಿ ಝಡ್‌ಎಫ್ ಸ್ಟೀರಿಂಗ್ ಗಿಯರ್ ಕಂಪನಿ ಸ್ಟೀರಿಂಗ್ ಬಾಕ್ಸ್ ಮಾಡುತ್ತದೆ. ಚಿಂಚವಡದಲ್ಲಿ ಎಸ್‌ಕೆಎಫ್ ಬೇರಿಂಗ್ ಕಾರ್ಖಾನೆ, ಚಾಕಣದಲ್ಲಿ ಗೇಬ್ರಿಯಲ್ ಶಾಕ್ ಅಬ್ಸಾರ್ಬರ್ ಕಾರ್ಖಾನೆ ಇವೆ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಎಆರ್‌ಎಐ (ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ) ಸ್ಥಾಪನೆಯಾದದ್ದು 1966ರಲ್ಲಿ; ಅದು ವೇತಾಳ ಟೇಕಡಿಯ ಮೇಲಿದೆ. ಭೋಸರಿಯ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಈ ಕಾರ್ಖಾನೆಗಳ ಟೂಲ್‌ರೂಮುಗಳಲ್ಲಿ ಪಳಗಿದವರಿಂದಾಗಿ ಪಿಂಪ್ರಿ, ಭೋಸರಿಯ ಶೆಡ್ಡುಗಳಲ್ಲಿ ಮೈಕ್ರೋಮೀಟರ್ ಹಿಡಿಯಬಲ್ಲ ಲೇತ್ ಕೆಲಸಗಾರರು ಹುಟ್ಟಿಕೊಂಡರು. ಹಳೆಯ ಗಾಡಿಯ ಮಾಲೀಕನಿಗೆ ಪುಣೆಯಿಂದ ದೊರೆತ ಅತಿ ದೊಡ್ಡ ಉಪಕಾರ ಇದೇ. ಬಿಡಿಭಾಗ ಎಲ್ಲಿಂದಲಾದರೂ ತರಿಸಬಹುದು, ಬುಶ್ಶನ್ನು ಅಳತೆಗೆ ಕೊರೆಯುವ ಕೈಯನ್ನು ತರಿಸಲಾಗದು.

ಬಿಡಿಭಾಗಗಳ ಹಳೆಯ ಪೇಟೆ ನಾನಾ ಪೇಠ. ಲಾರಿಗಳ ದುರಸ್ತಿ ನೆಲೆಗೊಂಡದ್ದು ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಂಥ ಕಡೆಗಳಲ್ಲಿ. ನಿಪ್ಪಾಣಿ, ಬೆಳಗಾವಿ, ಅಥಣಿ ಕಡೆಯ ತರಕಾರಿ ಮತ್ತು ಬೆಲ್ಲದ ಗಾಡಿಗಳಿಗೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಪರಿಚಿತ ಜಾಗ. ಇಲ್ಲಿನ ಗ್ಯಾರೇಜುಗಳಲ್ಲಿ ‘ಪಾನಾ (ಸ್ಪ್ಯಾನರ್) ಕೊಡು’, ‘ಪಾಟಾ ಮುರದೈತಿ’ ಎನ್ನುವ ಮಾತು ಮರಾಠಿಯವನಿಗೂ ಉತ್ತರ ಕರ್ನಾಟಕದವನಿಗೂ ಸಮಾನವಾಗಿ ತಿಳಿಯುತ್ತದೆ.

ಈ ಗಾಡಿಗಳನ್ನು ಸವೆಸುವುದು ಮುಖ್ಯವಾಗಿ ಮೂರು: ನೀರು, ಘಾಟಿ, ಮಿತಿಮೀರಿದ ಹೇರು. ಮುಳಶಿ, ಮಾವಳ, ಭೋರ ಭಾಗದ ಮಳೆಗಾಲದಲ್ಲಿ ನಾಲ್ಕು ತಿಂಗಳು ಗಾಡಿ ಕೆಸರಿನಲ್ಲೇ ಇರುತ್ತದೆ. ಹರಿದ ಒಂದು ರಬ್ಬರ್ ಬೂಟಿನೊಳಗೆ ಮಣ್ಣುನೀರು ಹೊಕ್ಕರೆ ಗ್ರೀಸ್ ಸಾಣೆಯ ಹಿಟ್ಟಾಗಿ ಬಾಲ್ ಜಾಯಿಂಟನ್ನು ತಿನ್ನುತ್ತದೆ. ಬೆಂಗಳೂರು ರಸ್ತೆಯಲ್ಲಿ, ಅಂದರೆ ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಈಗಿನ 48ರಲ್ಲಿ, ಊರು ಬಿಟ್ಟೊಡನೆ ಕಾತ್ರಜ್, ಮುಂದೆ ಖಂಬಾಟಕಿ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಹೊರಚಕ್ರದ ಮೇಲೆ ಬೀಳುತ್ತದೆ. ನಾರಾಯಣಗಾಂವದ ಟೊಮೆಟೊ, ಚಾಕಣದ ಈರುಳ್ಳಿ ಹೊರುವ ಗಾಡಿಯ ಮೇಲೆ ನಿಗದಿಗಿಂತ ಹೆಚ್ಚು ಏರಿಸುವುದು ಸುಗ್ಗಿಯಲ್ಲಿ ಮಾಮೂಲು.

ಎರಡು ಬಗೆಯ ಮುಂಭಾಗ

ಒಂದು ಬಗೆಯಲ್ಲಿ ಎರಡೂ ಚಕ್ರಗಳನ್ನು ಒಂದೇ ಉಕ್ಕಿನ ತೊಲೆ ಕೂಡಿಸುತ್ತದೆ. ಅದರ ಎರಡು ತುದಿಗಳ ಕಣ್ಣಿನಲ್ಲಿ ಕಿಂಗ್ ಪಿನ್, ಅದರ ಸುತ್ತ ತಿರುಗುವ, ಚಕ್ರವನ್ನು ಹೊತ್ತ ನಕಲ್, ತೊಲೆಯ ಮೇಲೆ ಪಾಟಾದ ಕಟ್ಟು. ಟಾಟಾ 407 ಈ ಬಗೆಯದು. ಒಂದು ಚಕ್ರ ತಗ್ಗಿಗೆ ಬಿದ್ದರೆ ಇನ್ನೊಂದೂ ವಾಲುತ್ತದೆ, ಸವಾರಿ ಒರಟು. ಆದರೆ ಒಳ್ಳೆಯ ಗ್ರೀಸ್ ಕಂಡ ಇಂಥ ಆಕ್ಸಲ್ ಲಕ್ಷಗಟ್ಟಲೆ ಕಿಲೋಮೀಟರ್ ಬಾಳುತ್ತದೆ; ಕಿಂಗ್ ಪಿನ್ ಕಿಟ್ ಹಾಕಿದರೆ ಮತ್ತೆ ಅಷ್ಟೇ ಬಾಳು.

ಇನ್ನೊಂದರಲ್ಲಿ ಚಕ್ರಗಳು ಬೇರೆಬೇರೆಯಾಗಿ ಮೇಲೆಕೆಳಗೆ ಆಡುತ್ತವೆ. ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ವಿಶ್‌ಬೋನ್ ಆರ್ಮ್, ಅವುಗಳ ತುದಿಗೆ ಬಾಲ್ ಜಾಯಿಂಟ್. ಭಾರ ಹೊರುವುದು ಸುಮೋದಲ್ಲಿ ಸುರುಳಿ ಸ್ಪ್ರಿಂಗ್. ಸಿಯೆರಾದಲ್ಲೂ ಅನಂತರದ ಕ್ಸೆನಾನ್ ಪಿಕಪ್ಪಿನಲ್ಲೂ ಚಾಸಿಯುದ್ದಕ್ಕೆ ಮಲಗಿರುವ ಟಾರ್ಷನ್ ಬಾರ್, ತಿರುಚಿದಾಗ ಸ್ಪ್ರಿಂಗಿನಂತೆ ವರ್ತಿಸುವ ಉಕ್ಕಿನ ಸರಳು. ಸವಾರಿ ಹಗುರ, ತಿರುವಿನಲ್ಲಿ ಹಿಡಿತ ಹೆಚ್ಚು. ಅದಕ್ಕೆ ತೆರುವ ಬೆಲೆಯೆಂದರೆ ಸವೆಯುವ ಕೀಲುಗಳ ಸಂಖ್ಯೆ ಎರಡು ಮೂರು ಪಟ್ಟು ಆಗುವುದು.

ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕೆಂಬ ಲೆಕ್ಕ ಮಾತ್ರ ಎರಡಕ್ಕೂ ಒಂದೇ. ಮ್ಯೂನಿಕ್‌ನ ಗಾಡಿ ಬಡಗಿ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕುದುರೆ ಸಾರೋಟಿಗೆಂದು ಕಂಡುಕೊಂಡ ಈ ಏರ್ಪಾಟಿಗೆ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಅವನದೇ ಉಳಿಯಿತು. ಸೊಟ್ಟಗಾದ ಸ್ಟೀರಿಂಗ್ ಆರ್ಮನ್ನು ಬಡಿದು ನೇರಮಾಡಿದ ಗಾಡಿ ತಿರುವಿನಲ್ಲಿ ಟೈರ್ ಉಜ್ಜಿ ಕಿರುಚುವುದು ಈ ಲೆಕ್ಕ ತಪ್ಪಿದ್ದರಿಂದ.

ಮೊದಲು ಪ್ಲೇ ಹುಡುಕುವುದು

ಪಾನಾ ಹಿಡಿಯುವ ಮೊದಲು ಕಣ್ಣು ಮತ್ತು ಕೈಗೆ ಕೆಲಸ ಕೊಡಬೇಕು. ಟೈರು ಮೊದಲ ಸಾಕ್ಷಿ. ಎರಡೂ ಮುಂಟೈರುಗಳ ಹೊರ ಅಂಚು ಸವೆದಿದ್ದರೆ ಟೋ-ಇನ್ ಹೆಚ್ಚಾಗಿದೆ. ಒಂದೇ ಟೈರಿನ ಒಳ ಅಂಚು ಸವೆದಿದ್ದರೆ ಆ ಬದಿಯ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಕೆಟ್ಟಿದೆ, ಸ್ಪ್ರಿಂಗ್ ಕುಸಿದಿರಬಹುದು ಅಥವಾ ಬುಶ್ ಹೋಗಿರಬಹುದು. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿದಾಗ ಒಂದು ದಿಕ್ಕಿಗೆ ನುಣುಪು, ಮರಳಿ ಬರುವಾಗ ಗರಗಸದ ಹಲ್ಲು ತಾಗಿದರೆ ಟೋ ದೋಷವೇ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗುಬಿದ್ದ ಟೈರು ಶಾಕ್ ಅಬ್ಸಾರ್ಬರ್ ಸತ್ತಿದೆ ಅಥವಾ ಬೇರಿಂಗ್ ಸಡಿಲವಾಗಿದೆ ಎಂದು ಹೇಳುತ್ತದೆ.

ಆಮೇಲೆ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಟೈರಿನ ತಲೆ ಮತ್ತು ಬುಡ ಹಿಡಿದು ಒಳಹೊರಗೆ ಅಲುಗಿಸಿದಾಗ ಆಟವಿದ್ದರೆ ಅದು ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂದು ತಿಳಿಯಬೇಕು. ಅದಕ್ಕೆ ಸುಲಭದ ಉಪಾಯವಿದೆ: ಒಬ್ಬ ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬ ಚಕ್ರ ಅಲುಗಿಸಲಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಟೈರಿನ ಎಡಬಲ ಹಿಡಿದು ಅಲುಗಿಸಿದಾಗ ಬರುವ ಆಟ ಹೆಚ್ಚಾಗಿ ಟೈ ರಾಡ್ ಎಂಡಿನದು. ವಿಶ್‌ಬೋನ್ ಗಾಡಿಯಲ್ಲಿ ಚಾಸಿ ಎತ್ತಿದರೆ ಸ್ಪ್ರಿಂಗಿನ ಬಿಗಿತ ಜಾಯಿಂಟನ್ನು ಒತ್ತಿ ಹಿಡಿದು ದೋಷವನ್ನು ಮರೆಮಾಡುತ್ತದೆ; ಸ್ಪ್ರಿಂಗಿನ ಭಾರ ಹೊರುವ ಕೆಳ ಆರ್ಮಿನ ಅಡಿಯಲ್ಲೇ ಜಾಕ್ ಕೊಡಬೇಕು.

ಸ್ಟೀರಿಂಗ್ ಬಾಕ್ಸಿನಿಂದ ಚಕ್ರದವರೆಗಿನ ರಾಡುಗಳನ್ನು, ಅಂದರೆ ಲಿಂಕೇಜನ್ನು, ಮಾತ್ರ ಚಕ್ರ ನೆಲದ ಮೇಲಿರುವಾಗಲೇ ನೋಡುವುದು ಲೇಸು. ಒಬ್ಬ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ನಾಲ್ಕು ಬೆರಳಷ್ಟು ಆಡಿಸುತ್ತಿರಲಿ; ಕೆಳಗಿರುವವನು ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಲಿ. ಎಲ್ಲಿ ಒಂದು ತುಂಡು ಅಲುಗಿ ಅದಕ್ಕೆ ಕೂಡಿದ್ದು ಸ್ವಲ್ಪ ತಡವಾಗಿ ಅಲುಗುತ್ತದೋ ಅಲ್ಲೇ ಪ್ಲೇ. ಲಿಂಕೇಜ್ ಗಟ್ಟಿಯಿದ್ದು ಸ್ಟೀರಿಂಗ್ ಬಾಕ್ಸೇ ಚಾಸಿಯ ಮೇಲೆ ಕದಲುವುದೂ ಉಂಟು. ಅದರ ಬೋಲ್ಟ್ ಸಡಿಲ, ಅಥವಾ ಚಾಸಿಯೇ ಬೋಲ್ಟಿನ ಸುತ್ತ ಬಿರುಕು ಬಿಟ್ಟಿರುತ್ತದೆ. ಕೆಸರು ತೊಳೆಯದೆ ನೋಡಿದರೆ ಈ ಬಿರುಕು ಕಾಣುವುದೇ ಇಲ್ಲ. ಆದ್ದರಿಂದ ಒಳ್ಳೆಯ ಮಿಸ್ತ್ರಿ ಗಾಡಿಯ ಅಡಿಯನ್ನು ಮೊದಲು ನೀರು ಹೊಡೆದು ತೊಳೆಸುತ್ತಾನೆ.

ಕಿಂಗ್ ಪಿನ್ ಕೆಲಸ

ತೊಲೆ ಆಕ್ಸಲಿನ ಗಾಡಿಯಲ್ಲಿ ಕೈಚಳಕ ಬೇಡುವ ಭಾಗ ಇದು. ಹಬ್, ಬ್ರೇಕ್ ಪ್ಲೇಟ್ ತೆಗೆದು, ಪಿನ್ನನ್ನು ಹಿಡಿದಿರುವ ಅಡ್ಡ ಲಾಕ್ ಪಿನ್ನನ್ನು ಮೊದಲು ಹೊಡೆದು ತೆಗೆಯಬೇಕು. ಅದು ಒಂದು ಕಡೆಗೆ ಇಳಿಜಾರಾಗಿರುವುದರಿಂದ ಹೊಡೆಯುವ ದಿಕ್ಕು ಒಂದೇ. ತಪ್ಪಿ ಹೊಡೆದರೆ ಇನ್ನಷ್ಟು ಬಿಗಿಯಾಗುತ್ತದೆ. ವರ್ಷಗಟ್ಟಲೆ ಗ್ರೀಸ್ ಕಾಣದ ಕಿಂಗ್ ಪಿನ್ ತುಕ್ಕಿನಿಂದ ಆಕ್ಸಲಿನ ಕಣ್ಣಿಗೆ ಅಂಟಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತುವುದು ಸರಿಯಾದ ದಾರಿ. ಗ್ಯಾಸ್ ಕಟರ್ ಹಚ್ಚಿ ಕೆಂಪಗೆ ಕಾಯಿಸುವುದು ಅವಸರದ ದಾರಿ; ಕಾಯಿಸಿ ಬಡಿದು ಹದ ಕೊಟ್ಟ ನಕಲ್ ಮತ್ತು ಆಕ್ಸಲ್ ಉಕ್ಕು ಮತ್ತೆ ಕಾದರೆ ಆ ಹದ ಕಳೆದುಕೊಳ್ಳುತ್ತದೆ. ಸ್ಟೀರಿಂಗಿನ ಯಾವ ಭಾಗಕ್ಕೂ ಬೆಂಕಿ ಹಚ್ಚಬಾರದು, ಯಾವ ಭಾಗಕ್ಕೂ ವೆಲ್ಡ್ ಮಾಡಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಪಿನ್ ಹೊರಬಂದ ಮೇಲೆ ಆಕ್ಸಲಿನ ಕಣ್ಣನ್ನು ಅಳೆಯಬೇಕು. ಹೆಚ್ಚಿನ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ. ಪಿನ್ ಆ ಕಣ್ಣಿನಲ್ಲಿ ಅಲುಗದೆ ಕೂರಬೇಕು, ತಿರುಗುವ ಆಟವೆಲ್ಲ ನಕಲ್‌ನ ಬುಶ್‌ಗಳಲ್ಲಿ ನಡೆಯಬೇಕು. ಕಣ್ಣು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಕಿಟ್ ಹಾಕಿಯೂ ಫಲವಿಲ್ಲ. ಒಳ್ಳೆಯ ಲೇತ್ ಅಂಗಡಿಯಲ್ಲಿ ಕೊರೆದು ಸ್ಲೀವ್ ಕೂರಿಸಬೇಕು ಅಥವಾ ಆಕ್ಸಲನ್ನೇ ಬದಲಿಸಬೇಕು.

ನಕಲ್‌ನ ಎರಡು ಕಿವಿಗಳಿಗೆ ಹೊಸ ಕಂಚಿನ ಬುಶ್ ಒತ್ತುವಾಗ ಬುಶ್ಶಿನ ಗ್ರೀಸ್ ತೂತು ನಿಪ್ಪಲಿನ ತೂತಿಗೆ ನೇರ ಬರಬೇಕು. ಒಂದಿಷ್ಟು ತಿರುಗಿ ಕೂತರೂ ಮುಂದೆ ಎಷ್ಟು ಗ್ರೀಸ್ ಹೊಡೆದರೂ ಪಿನ್ನಿಗೆ ಮುಟ್ಟುವುದಿಲ್ಲ. ಹೊಸ ಕಿಟ್ ವರ್ಷದೊಳಗೆ ಸವೆಯಲು ಇದೇ ಸಾಮಾನ್ಯ ಕಾರಣ. ಒತ್ತಿದ ಮೇಲೆ ಬುಶ್ಶಿನ ಒಳವ್ಯಾಸ ಕುಗ್ಗಿರುತ್ತದೆ, ಅದನ್ನು ರೀಮರಿನಿಂದ ಅಳತೆಗೆ ತರಬೇಕು. ಮೇಲಿನದನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿ ಕೊರೆದರೆ ಎರಡರ ನಡುರೇಖೆ ಒಂದಾಗುವುದಿಲ್ಲ. ಪಿನ್ ಎರಡರಲ್ಲೂ ಪ್ರತ್ಯೇಕವಾಗಿ ಸಲೀಸಾಗಿ ಹೋಗುತ್ತದೆ, ಕೂಡಿಸಿದಾಗ ಬಿಗಿಯುತ್ತದೆ. ಉದ್ದ ಪೈಲಟ್ ಇರುವ ರೀಮರನ್ನು ಒಂದು ಬುಶ್ಶಿನ ಆಸರೆಯಲ್ಲಿ ಇನ್ನೊಂದಕ್ಕೆ ಹಾಯಿಸಿ, ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಪ್ರತಿ ಸಲವೂ ಪಿನ್ ಇಳಿಸಿ ನೋಡುತ್ತ ಹೋಗಬೇಕು. ಎಣ್ಣೆ ಸವರಿದ ಪಿನ್ ಹೆಬ್ಬೆರಳಿನ ಒತ್ತಡಕ್ಕೆ ಒಂದೇ ನಡಿಗೆಯಲ್ಲಿ ಇಳಿದು, ಅಡ್ಡಡ್ಡ ಅಲುಗಿಸಿದರೆ ಟಕ್ ಎನ್ನದಿದ್ದರೆ ಅಳತೆ ಸರಿ. ಹಳಬರು ಇದನ್ನು ಗೇಜ್ ಇಲ್ಲದೆ ಬೆರಳಿನಲ್ಲೇ ತಿಳಿಯುತ್ತಾರೆ.

ಆಕ್ಸಲಿನ ಕಣ್ಣಿನ ಅಡಿಗೂ ನಕಲ್‌ನ ಕೆಳಕಿವಿಗೂ ನಡುವೆ ಥ್ರಸ್ಟ್ ಬೇರಿಂಗ್ ಕೂರುತ್ತದೆ. ಆ ಬದಿಯ ಭಾರವೆಲ್ಲ ಅದರ ಮೇಲೆ. ಮೇಲ್ಗಡೆ ಉಳಿದ ಸಂದಿಗೆ ತಕ್ಕ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ನಕಲ್ ಮೇಲೆಕೆಳಗೆ ಕುಣಿಯದಂತೆ ಮಾಡಬೇಕು, ಆದರೂ ಕೈಯಿಂದ ತಿರುಗುವಂತಿರಬೇಕು. ಕೊನೆಗೆ ಗ್ರೀಸ್. ಚಕ್ರ ನೆಲದಿಂದ ಎತ್ತಿರುವಾಗಲೇ ಗ್ರೀಸ್ ಹೊಡೆದರೆ ಭಾರ ಬಿದ್ದಿರುವ ಮೈಗಳ ನಡುವೆಯೂ ಅದು ಹೋಗುತ್ತದೆ. ಸರ್ವಿಸ್ ಸ್ಟೇಷನ್ನುಗಳಲ್ಲಿ ಗಾಡಿ ನಿಂತಲ್ಲೇ ಹೊಡೆದ ಗ್ರೀಸ್ ಸುಲಭವಾದ ಬದಿಯಿಂದ ಹೊರಬಂದುಬಿಡುತ್ತದೆ.

ವಿಶ್‌ಬೋನ್, ಟಾರ್ಷನ್ ಬಾರ್ ಮತ್ತು ಬುಶ್

ಸುರುಳಿ ಸ್ಪ್ರಿಂಗಿನ ಗಾಡಿಯಲ್ಲಿ ಮೊದಲ ಮಾತು ಜೀವದ ಎಚ್ಚರ. ಒತ್ತಿ ಹಿಡಿದ ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಕೆಳ ಆರ್ಮ್ ಗುಂಡಿನಂತೆ ಸಿಡಿಯುತ್ತದೆ. ಟಾರ್ಷನ್ ಬಾರಿನಲ್ಲಿ ಆ ಅಪಾಯ ಕಡಿಮೆ, ಅಳತೆಯ ಶಿಸ್ತು ಹೆಚ್ಚು. ಬಿಚ್ಚುವ ಮೊದಲೇ ಬಾರ್ ಮತ್ತು ಆಂಕರ್ ಆರ್ಮಿನ ಮೇಲೆ ಪಂಚ್‌ನಿಂದ ಗುರುತು ಹಾಕಬೇಕು, ಹೊಂದಿಸುವ ಬೋಲ್ಟಿನ ಎಷ್ಟು ಮರೆ (ಥ್ರೆಡ್) ಹೊರಗಿದೆ ಎಂದು ಅಳೆದು ಬರೆದುಕೊಳ್ಳಬೇಕು. ಎಡದ ಬಾರನ್ನು ಬಲಕ್ಕೆ ಹಾಕಬಾರದು. ಒಂದು ದಿಕ್ಕಿಗೆ ತಿರುಚಿ ಹದಗೊಳಿಸಿದ ಉಕ್ಕು ಎದುರು ದಿಕ್ಕಿಗೆ ತಿರುಚಿದರೆ ಬೇಗ ದಣಿದು ಮುರಿಯುತ್ತದೆ. ಮುಂಭಾಗ ಕುಸಿದಿದೆಯೆಂದು ಈ ಬೋಲ್ಟನ್ನು ಬಿಗಿದು ಎತ್ತರ ಏರಿಸುವ ಚಾಳಿ ವ್ಯಾಪಕ. ಹೆಚ್ಚು ಏರಿಸಿದರೆ ಆರ್ಮುಗಳು ಕೆಳಮುಖವಾಗಿ ನಿಂತು ಬಾಲ್ ಜಾಯಿಂಟ್ ತನ್ನ ಮಿತಿಯ ಅಂಚಿನಲ್ಲೇ ದುಡಿಯಬೇಕಾಗುತ್ತದೆ, ಕ್ಯಾಂಬರ್ ಕೆಡುತ್ತದೆ.

ಹಲವು ಗಾಡಿಗಳಲ್ಲಿ ಮೇಲಿನ ಆರ್ಮಿನ ಶಾಫ್ಟ್ ಮತ್ತು ಚಾಸಿಯ ನಡುವೆ ತೆಳು ಶಿಮ್‌ಗಳಿರುತ್ತವೆ. ಕ್ಯಾಂಬರನ್ನೂ ಮುಂದೆ ವಿವರಿಸುವ ಕ್ಯಾಸ್ಟರನ್ನೂ ನಿರ್ಧರಿಸುವುದು ಅವೇ. ಮುಂದಿನ ಬೋಲ್ಟಿನವನ್ನೂ ಹಿಂದಿನದರವನ್ನೂ ಬೇರೆಬೇರೆ ತಂತಿಗೆ ಪೋಣಿಸಿ, ಯಾವ ಬದಿಯದೆಂದು ಚೀಟಿ ಕಟ್ಟಿಡಬೇಕು. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದರೆ ಕಾರ್ಖಾನೆಯವರು ಕೂರಿಸಿದ ಲೆಕ್ಕ ಅಲ್ಲಿಗೆ ಮುಗಿಯಿತು.

ಆರ್ಮಿನ ರಬ್ಬರ್ ಬುಶ್ ಬಗ್ಗೆ ಒಂದು ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಈ ಬುಶ್ ಬೇರಿಂಗಿನಂತೆ ಜಾರಿ ತಿರುಗುವುದಿಲ್ಲ. ಒಳಗಿನ ಕೊಳವೆಯೂ ಹೊರಗಿನ ಕವಚವೂ ರಬ್ಬರಿಗೆ ಅಂಟಿಕೊಂಡಿದ್ದು, ಆರ್ಮ್ ಆಡಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ. ಗಾಡಿ ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತುಬಿದ್ದಿರುವಾಗ ನಟ್ ಬಿಗಿದರೆ ಬುಶ್ ಆ ಸ್ಥಿತಿಯನ್ನೇ ತನ್ನ ಮೂಲವೆಂದು ಹಿಡಿಯುತ್ತದೆ. ಗಾಡಿ ಕೆಳಗಿಳಿದೊಡನೆ ತಿರುಚು ಬಿದ್ದು, ಪ್ರತಿ ತಗ್ಗಿಗೂ ಇನ್ನಷ್ಟು ತಿರುಚಿ, ಕೆಲವೇ ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ನಟ್ಟುಗಳನ್ನು ಕೈಬಿಗಿ ಮಾಡಿ, ಗಾಡಿ ಇಳಿಸಿ, ಮುಂದೆ ಹಿಂದೆ ಉರುಳಿಸಿ, ಬಂಪರ್ ಒತ್ತಿ ಕುಣಿಸಿ ತನ್ನ ಎತ್ತರಕ್ಕೆ ಕೂತ ಮೇಲೆ ಕೊನೆಯ ಬಿಗಿ ಕೊಡಬೇಕು. ಪಾಟಾದ ರಬ್ಬರ್ ಬುಶ್‌ಗೂ ಇದೇ ನಿಯಮ.

ಪಾಟಾ ಕುಸಿದಾಗ ಕಮ್ಮಾರನ ಬಳಿ ಒಯ್ದು ಕಮಾನು ಎತ್ತಿಸುವುದು ಅಗ್ಗದ ವಿಧಾನ. ಕುಲುಮೆಯಲ್ಲಿ ಕಾಯಿಸಿ ಬಡಿದು ಹಾಗೇ ಆರಲು ಬಿಟ್ಟ ಪಾಟಾ ಕೆಲವೇ ಹೇರಿಗೆ ಮತ್ತೆ ಮಲಗುತ್ತದೆ; ಎಣ್ಣೆಯಲ್ಲಿ ಅದ್ದಿ ಮತ್ತೆ ಹದಕ್ಕೆ ಕಾಯಿಸುವ ಅಂಗಡಿಯಾದರೆ ಮಾತ್ರ ಒಪ್ಪಬಹುದು. ಮುರಿದ ಒಂದು ಪಟ್ಟಿ ಸೇರಿಸಿದಾಗ ಎದುರು ಬದಿಯ ಎತ್ತರವನ್ನೂ ನೋಡಬೇಕು. ನಡುವಿನ ಬೋಲ್ಟ್ ಹೊಸದಿರಲಿ, ಯು-ಬೋಲ್ಟ್ ಹೊಸದಿರಲಿ. ಯು-ಬೋಲ್ಟಿನ ನಾಲ್ಕು ನಟ್ಟುಗಳನ್ನು ಕರ್ಣಗತಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಲಿಂಕೇಜ್ ಮತ್ತು ಸ್ಟೀರಿಂಗ್ ಬಾಕ್ಸ್

ಟೈ ರಾಡ್ ಎಂಡಿನ ಕಾಂಡ ಶಂಕುವಿನಾಕಾರದಲ್ಲಿ ಆರ್ಮಿನ ತೂತಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ಮರೆಯ ತುದಿಗೆ ಬಡಿಯಬಾರದು. ನಟ್ಟನ್ನು ಎರಡು ಸುತ್ತು ಸಡಿಲಿಸಿ, ಪುಲ್ಲರಿನಿಂದ ಬಿಗಿತ ಕೊಟ್ಟು, ಆರ್ಮಿನ ಕಣ್ಣಿನ ಎರಡೂ ಬದಿಗೆ ಎರಡು ಸುತ್ತಿಗೆಯಿಂದ ಒಮ್ಮೆಲೇ ಏಟು ಕೊಟ್ಟರೆ ಕಚ್ಚು ತಾನಾಗಿ ಬಿಡುತ್ತದೆ. ಕೂಡಿಸುವಾಗ ಶಂಕುವಿಗೆ ಗ್ರೀಸ್ ಹಚ್ಚದೆ ಒಣಗಿಸಿ ಕೂರಿಸಬೇಕು. ಕಿರೀಟ ನಟ್ಟಿನ ಸೀಳು ಸ್ಪ್ಲಿಟ್ ಪಿನ್ನಿನ ತೂತಿಗೆ ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಸಡಿಲಿಸಿ ಹೊಂದಿಸಬಾರದು. ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಬಳಸಬಾರದು. ಅದರ ಜಾಗಕ್ಕೆ ಮೊಳೆಯನ್ನೋ ತಂತಿಯನ್ನೋ ಹಾಕುವುದಂತೂ ಅಕ್ಷಮ್ಯ. ಸವೆದ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತುಗಳಲ್ಲಿ ಹೊರಬಂತೆಂದು ಎಣಿಸಿ ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಟೋ ಸುಮಾರಾಗಿ ಮೊದಲಿನಷ್ಟೇ ಇರುತ್ತದೆ, ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಲು ಅಷ್ಟು ಸಾಕು.

ಇಂಥ ಗಾಡಿಗಳ ಬಾಕ್ಸ್ ಹೆಚ್ಚಾಗಿ ರಿಸರ್ಕ್ಯುಲೇಟಿಂಗ್ ಬಾಲ್ ಬಗೆಯದು. ಸ್ಟೀರಿಂಗ್ ತಿರುಗಿಸಿದಾಗ ವರ್ಮ್ ಶಾಫ್ಟಿನ ಮೇಲೆ ಉಕ್ಕಿನ ಗುಂಡುಗಳ ಸಾಲಿನ ಮೂಲಕ ಒಂದು ನಟ್ ಸರಿಯುತ್ತದೆ, ಅದರ ಹಲ್ಲು ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತದೆ. ಮುಚ್ಚಳದ ಮೇಲಿರುವ ಹೊಂದಾಣಿಕೆ ಸ್ಕ್ರೂ ಈ ಹಲ್ಲುಗಳ ಸಂದಿಯನ್ನು ತಗ್ಗಿಸುತ್ತದೆ. ಗಾಡಿ ಹೆಚ್ಚು ಹೊತ್ತು ನೇರ ಓಡುವುದರಿಂದ ನಡುವಿನ ಹಲ್ಲೇ ಹೆಚ್ಚು ಸವೆಯುತ್ತದೆ. ನೇರ ಸ್ಥಿತಿಯಲ್ಲಿ ಪ್ಲೇ ಇದೆಯೆಂದು ಸ್ಕ್ರೂ ಬಿಗಿದರೆ ಸವೆಯದ ಬದಿಯ ಹಲ್ಲುಗಳು ಬಿಗಿದುಕೊಂಡು, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ. ಘಾಟಿಯಲ್ಲಿ ಇದು ಸಡಿಲ ಸ್ಟೀರಿಂಗಿಗಿಂತ ಕೆಟ್ಟದ್ದು. ಮೊದಲು ಎಲ್ಲ ಎಂಡುಗಳನ್ನೂ ಸರಿಪಡಿಸಿ, ಉಳಿದ ಪ್ಲೇ ಬಾಕ್ಸಿನದೇ ಎಂದು ಖಾತ್ರಿಯಾದ ಮೇಲೆ, ಡ್ರಾಪ್ ಆರ್ಮ್ (ಸೆಕ್ಟರ್ ಶಾಫ್ಟಿನ ತುದಿಯ ತೋಳು) ಕಳಚಿಟ್ಟು, ಬಾಕ್ಸನ್ನು ನಟ್ಟನಡುವಿಗೆ ತಂದು, ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸದೆ ಹೊಂದಿಸಬೇಕು. ಅಷ್ಟಕ್ಕೂ ಸರಿಹೋಗದಿದ್ದರೆ ಬಾಕ್ಸ್ ಬಿಚ್ಚಿ ಬೇರಿಂಗ್, ಸೀಲ್, ಸೆಕ್ಟರ್ ನೋಡಲೇಬೇಕು. ಡ್ರಾಪ್ ಆರ್ಮ್ ಕಳಚುವಾಗ ಸ್ಪ್ಲೈನಿನ ಮೇಲೆ ಗುರುತು ಹಾಕಲು ಮರೆತರೆ ಒಂದು ಹಲ್ಲು ಹೆಚ್ಚುಕಡಿಮೆಯಾಗಿ ಕೂತು, ಗಾಡಿ ಒಂದು ಕಡೆ ಪೂರ್ತಿ ತಿರುಗುತ್ತದೆ, ಇನ್ನೊಂದು ಕಡೆ ತಿರುಗುವುದಿಲ್ಲ.

ವೀಲ್ ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಇಟ್ಟು ರೋಲರುಗಳ ನಡುವೆ ಅದು ಮೇಲೆ ಉಕ್ಕಿ ಬರುವವರೆಗೆ ತುಂಬುವುದು ವಾಡಿಕೆ. ಹಬ್ ತಿರುಗಿಸುತ್ತ ನಟ್ ಬಿಗಿದು, ಆಮೇಲೆ ಸ್ವಲ್ಪ ಸಡಿಲಿಸಬೇಕು. ಬಿಗಿಯಾಗಿ ಬಿಟ್ಟ ಟೇಪರ್ ಬೇರಿಂಗ್ ಹೆದ್ದಾರಿಯಲ್ಲಿ ಕಾದು ಹಬ್ಬನ್ನೇ ಸುಡುತ್ತದೆ.

ಅಲೈನ್‌ಮೆಂಟ್, ಬಿಡಿಭಾಗ, ಕಾನೂನು

ಕ್ಯಾಸ್ಟರ್ ಎಂದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ಬಾಗಿರುವ ಕೋನ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಮುಖ್ಯವಾಗಿ ಅದರಿಂದ. ತೊಲೆ ಆಕ್ಸಲಿನಲ್ಲಿ ಪಾಟಾ ಮತ್ತು ಆಕ್ಸಲಿನ ನಡುವಿನ ಬೆಣೆಯಾಕಾರದ ತಟ್ಟೆ ಈ ಕೋನ ಕೊಡುತ್ತದೆ. ಪಾಟಾ ಕೆಲಸದಲ್ಲಿ ಆ ತಟ್ಟೆಯನ್ನು ಹಿಂದುಮುಂದಾಗಿ ಇಟ್ಟರೆ ಗಾಡಿ ವೇಗದಲ್ಲಿ ಅತ್ತಿತ್ತ ತೇಲುತ್ತದೆ, ಎಷ್ಟು ಹೊಸ ಸಾಮಾನು ಹಾಕಿದ್ದರೂ. ಹೆಚ್ಚು ಸರಕು ಹೊರಲೆಂದು ಹಿಂದಿನ ಪಾಟಾಕ್ಕೆ ಪಟ್ಟಿ ಸೇರಿಸಿ ಹಿಂಭಾಗ ಎತ್ತಿದ ಗಾಡಿಯಲ್ಲೂ ಕ್ಯಾಸ್ಟರ್ ಇಳಿಯುತ್ತದೆ.

ಟೋ-ಇನ್ ಅಳೆಯಲು ಕಂಪ್ಯೂಟರ್ ಯಂತ್ರವೇ ಬೇಕೆಂದಿಲ್ಲ. ಎತ್ತಿದ ಚಕ್ರವನ್ನು ತಿರುಗಿಸುತ್ತ ಟೈರಿನ ನಡುವೆ ಸೀಮೆಸುಣ್ಣ ಬಳಿದು ಮೊಳೆಯಿಂದ ಒಂದು ಗೆರೆ ಎಳೆಯಬೇಕು. ಗಾಡಿಯನ್ನು ಸಮತಟ್ಟಿನ ನೆಲಕ್ಕಿಳಿಸಿ, ಸ್ವಲ್ಪ ಮುಂದಕ್ಕೆ ಉರುಳಿಸಿ, ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ಅಂತರವನ್ನು ಚಕ್ರದ ಹಿಂದೆ ಒಮ್ಮೆ, ಮುಂದೆ ಒಮ್ಮೆ ಅಳೆಯಬೇಕು. ಮುಂದಿನ ಅಂತರ ಎಷ್ಟು ಕಡಿಮೆಯೋ ಅಷ್ಟು ಟೋ-ಇನ್. ಟೈ ರಾಡಿನ ಒಂದು ತುದಿಗೆ ಎಡಮರೆ, ಇನ್ನೊಂದಕ್ಕೆ ಬಲಮರೆ ಇರುವುದರಿಂದ ಕ್ಲ್ಯಾಂಪ್ ಸಡಿಲಿಸಿ ರಾಡ್ ತಿರುಗಿಸಿದರೆ ಉದ್ದ ಹೆಚ್ಚುಕಡಿಮೆಯಾಗುತ್ತದೆ. ಆಯಾ ಮಾದರಿಯ ನಿಖರ ಅಂಕಿ ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ‘ಎಲ್ಲ ಗಾಡಿಗೂ ಎರಡು ಮಿಲಿ’ ಎನ್ನುವ ಮಾತು ಕೇಳಬಾರದು.

ಬಿಡಿಭಾಗಗಳಲ್ಲಿ ನಕಲಿಯ ಹಾವಳಿ ದೊಡ್ಡದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮತ್ತು ಬೇರಿಂಗ್, ಈ ಮೂರರಲ್ಲಿ ಉಳಿತಾಯದ ಮಾತು ಆಡಕೂಡದು. ಗುಜರಿಯಿಂದ ಬಾಗಿಲು, ಬಂಪರ್, ಹುಡ್ ತಂದರೆ ನಷ್ಟವಿಲ್ಲ. ಅಪಘಾತಕ್ಕೀಡಾದ ಗಾಡಿಯ ನಕಲ್ ಅಥವಾ ಸ್ಟೀರಿಂಗ್ ಆರ್ಮ್ ತರುವುದೆಂದರೆ ಕಣ್ಣಿಗೆ ಕಾಣದ ಬಿರುಕನ್ನು ಕೊಂಡುತಂದಂತೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗ್ ಬಗ್ಗೆ ಮೂರು ಮಾತು ಹೇಳುತ್ತದೆ: ಸ್ಟೀರಿಂಗ್ ಚಕ್ರದಲ್ಲಿ ಪ್ಲೇ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಮುಚ್ಚಿಗೆ ಇರಬೇಕು, ಬೋಲ್ಟ್ ಮತ್ತು ಪಿನ್ನುಗಳು ಲಾಕ್ ಆಗಿರಬೇಕು. 40 ಸೆಂ.ಮೀ. ವ್ಯಾಸದ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 30 ಡಿಗ್ರಿ ಎಂದರೆ ಹತ್ತು ಸೆಂ.ಮೀ.ಗೂ ಹೆಚ್ಚು. ಇದು ತೀರ ಉದಾರ ಮಿತಿ. ಇಷ್ಟು ಸಡಿಲವಿರುವ ಗಾಡಿಯನ್ನು ಖಂಬಾಟಕಿ ಇಳಿಸುವುದು ಸುರಕ್ಷಿತವಲ್ಲ. ಮುಚ್ಚಿಗೆ ಮತ್ತು ಲಾಕಿನ ಮಾತು ಮಾತ್ರ ಬಲು ವಿವೇಕದ್ದು. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಯಿದೆ. ಆದರೆ ಆ ಪರೀಕ್ಷೆಗೆಂದು ಹಿಂದಿನ ದಿನ ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿಸಿ ತರುವ ಗಾಡಿಯಲ್ಲಿ ದೋಷ ಹೋಗಿರುವುದಿಲ್ಲ, ಅಡಗಿರುತ್ತದೆ.

ಕೆಲಸ ಮುಗಿದ ಗಾಡಿಯನ್ನು ಮೊದಲು ಖಾಲಿಯಾಗಿ, ಆಮೇಲೆ ಅರ್ಧ ಹೇರಿನಲ್ಲಿ ಓಡಿಸಿ ನೋಡುವುದು ಪದ್ಧತಿ. ಕೈ ಹಗುರ ಬಿಟ್ಟಾಗ ನೇರ ಓಡುತ್ತದೆಯೇ, ತಿರುವಿನ ನಂತರ ಸ್ಟೀರಿಂಗ್ ಮರಳುತ್ತದೆಯೇ, ಬ್ರೇಕ್ ಹಿಡಿದಾಗ ಎಳೆಯುತ್ತದೆಯೇ ಎಂದು ಗಮನಿಸಬೇಕು. ಮರಳಿ ಬಂದೊಡನೆ ಹಬ್ ಮುಟ್ಟಿ ನೋಡಬೇಕು. ಒಂದು ಬದಿ ಮಾತ್ರ ಕೈಯಿಡಲಾಗದಷ್ಟು ಕಾದಿದ್ದರೆ ಆ ಬದಿಯ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. 500 ಕಿ.ಮೀ. ಸುಮಾರಿಗೆ ಯು-ಬೋಲ್ಟುಗಳನ್ನು ಮತ್ತೆ ಬಿಗಿದು, ಪ್ರತಿ ಸ್ಪ್ಲಿಟ್ ಪಿನ್ ನೋಡಿ, ಟೋ-ಇನ್ನನ್ನು ಇನ್ನೊಮ್ಮೆ ಅಳೆಯಬೇಕು. ಹೊಸ ಪಾಟಾ ಮತ್ತು ಬುಶ್ ಅಷ್ಟರಲ್ಲಿ ತಮ್ಮ ಜಾಗಕ್ಕೆ ಕೂತಿರುತ್ತವೆ. ಮೊದಲ ದಿನದ ಅಳತೆ ಒಂದೆರಡು ಮಿ.ಮೀ. ಸರಿದಿರುತ್ತದೆ.